ಬಾಯಿಲ್ಲದ ಕಂಪ್ಯೂಟರು, ಜೋಪಾನರಾಯರ ಸೀಡಿ

ಬಾಯಿಯೇ ಇಲ್ಲದ ಕಂಪ್ಯೂಟರನ್ನು ಯಾರಾದರೂ ದುಡ್ಡು ಕೊಟ್ಟು ಮನೆಗೆ ತರುತ್ತಾರೆಯೇ? ತರುತ್ತಾರೆ. ಜೋಪಾನರಾಯರ ಹೆಂಡತಿ ತಂದಳು. ಕಚೇರಿಯಿಂದ ಬಂದ ರಾಯರು ಚಪ್ಪಲಿಯನ್ನೂ ಬಿಡದೆ ಆ ಹೊಸ ಯಂತ್ರವನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಬೋರಲು ಹಾಕಿ ಬೆನ್ನು ಸವರಿದರು. ಸೀಡಿ ಹಾಕುವ ಜಾಗ ಎಲ್ಲಿಯೂ ಇರಲಿಲ್ಲ. ಈಗ ಬರುವ ಯಾವುದಕ್ಕೂ ಇರುವುದಿಲ್ಲವಂತೆ, ಸೀಡಿಯ ಕಾಲ ಮುಗಿಯಿತಂತೆ ಎಂದು ಹೆಂಡತಿ ಅಂಗಡಿಯವನ ಮಾತನ್ನು ಒಪ್ಪಿಸಿದಳು. ರಾಯರಿಗೆ ಅದು ತಮ್ಮ ಕಾಲವೇ ಮುಗಿಯಿತು ಅಂದಷ್ಟು ನೋವಾಯಿತು.

ಜೋಪಾನರಾಯರು ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ; ಹೆಂಡತಿಯ ತಮ್ಮ ಇಟ್ಟದ್ದು. ರಾಯರು ಕೆಲಸ ಮಾಡುವುದು ಕಚೇರಿಯೊಂದರ ದಾಖಲೆ ಕೋಣೆಯಲ್ಲಿ. ಅಲ್ಲಿ ಇಡೀ ದಿನ ಕಾಗದ ಕಾಯ್ದು, ಮನೆಗೆ ಬಂದು ಸೀಡಿ ಕಾಯುತ್ತಿದ್ದರು. ಬಟ್ಟೆ ಬೀರುವಿನ ಮೇಲಿನ ಅಂತಸ್ತುಗಳನ್ನೆಲ್ಲ ಸೀಡಿಗಳು ಆಕ್ರಮಿಸಿದ್ದವು. ಹೆಂಡತಿಯ ಬಟ್ಟೆಗಳು ಮಂಚದ ಕೆಳಗಿನ ಪೆಟ್ಟಿಗೆಗೆ ವಲಸೆ ಹೋಗಿದ್ದವು. ಭಾನುವಾರ ಬಂತೆಂದರೆ ರಾಯರು ಹಳೆಯ ಬನಿಯನ್ನಿನ ತುಂಡು ಹಿಡಿದು ಒಂದೊಂದನ್ನೂ ನಡುವಿನಿಂದ ಅಂಚಿಗೆ ಒರೆಸಬೇಕು. (ಮದುವೆಯಾದ ಹೊಸದರಲ್ಲೂ ತನ್ನ ಕೈಯನ್ನು ಇಷ್ಟು ನಯವಾಗಿ ಹಿಡಿದಿರಲಿಲ್ಲ ಎಂಬುದು ಹೆಂಡತಿಯ ಬಹುಕಾಲದ ತಕರಾರು.) ಪ್ರತಿಯೊಂದರ ಮೇಲೂ ಅವರ ಗುಂಡು ಅಕ್ಷರ: ಮುಖ್ಯ. ಅತಿ ಮುಖ್ಯ. ಅತಿ ಮುಖ್ಯ, ಹೊಸದು. ಇದೇ ಸರಿಯಾದದ್ದು.

ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಭಾವಮೈದ ಬಂದಾಗಲೆಲ್ಲ ಈ ಬೀರುವಿನ ಮುಂದೆ ನಿಂತು ಕೈ ಮುಗಿಯುತ್ತಿದ್ದ. ಇವುಗಳ ಮೇಲೆ ಚಹಾ ಲೋಟ ಇಡಬಹುದು ಭಾವ, ಮೇಜಿಗೆ ಕಲೆ ಆಗಲ್ಲ ಎನ್ನುತ್ತಿದ್ದ. ರಾಯರು ಸೊಪ್ಪು ಹಾಕುತ್ತಿರಲಿಲ್ಲ. ಅವನ ಉಗುರಿನಷ್ಟಗಲದ ಪೆನ್‌ಡ್ರೈವ್ ಜೇಬಿನಿಂದ ಜಾರಿದರೆ ಗುಡಿಸುವವರ ಪಾಲು, ಕ್ಲೌಡು ಎಂದು ಎಲ್ಲೋ ಆಕಾಶದಲ್ಲಿ ಇಟ್ಟದ್ದು ಯಾರ ಪಾಲೋ. ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಬಹುದಾದದ್ದು ಸೀಡಿ ಒಂದೇ ಎಂಬುದು ಅವರ ಸಿದ್ಧಾಂತ. "ನೋಡ್ತಿರು, ಒಂದಲ್ಲ ಒಂದು ದಿನ ನಿಮ್ಮಕ್ಕನ ಕೆಲಸಕ್ಕೆ ಆಧಾರ ಆಗೋದು ಇವೇ" ಎಂದು ಅವರು ಹೇಳಿದ್ದನ್ನು ಹೆಂಡತಿಯೂ ಕೇಳಿಸಿಕೊಂಡಿದ್ದಳು.

ಹೆಂಡತಿಯ ಕೆಲಸವೆಂದರೆ ಎಂಬ್ರಾಯ್ಡರಿ. ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡದೊಂದು ಮೇಜು, ಮೇಜಿನ ಮೇಲೆ ಮೆಷಿನ್, ಗೋಡೆಯುದ್ದಕ್ಕೂ ಬಣ್ಣಬಣ್ಣದ ದಾರದ ಉಂಡೆಗಳು. ಕಂಪ್ಯೂಟರಿನಲ್ಲಿ ಅವಳು ಹಾಕಿಟ್ಟ ವಿನ್ಯಾಸದಂತೆ ಮೆಷಿನ್ನಿನ ಸೂಜಿ ಓಡುತ್ತದೆ. ಆ ವಿನ್ಯಾಸ ಬರೀ ಚಿತ್ರವಲ್ಲ. ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ, ಸೂಜಿ ಎಲ್ಲಿ ತಿರುಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದನ್ನು ಹೊಸದಾಗಿ ಮಾಡಬೇಕೆಂದರೆ ದಿನಗಟ್ಟಲೆ ಕಣ್ಣು ಸೋಲಬೇಕು. ಅವಳಿಗೆ ಪೇಟೆಯಲ್ಲೊಂದು ಹೆಸರಿತ್ತು: ಹೇಳಿದ ಹೊತ್ತಿಗೆ ಕೊಡುವವಳು. ಜ್ವರ ಬಂದಾಗಲೂ ಆ ಹೆಸರಿಗೆ ಮಸಿ ಹತ್ತಲು ಬಿಟ್ಟವಳಲ್ಲ.

ಹೊಸ ಕಂಪ್ಯೂಟರು ಬಂದು ಕೆಲವು ತಿಂಗಳಾದ ಮೇಲೆ ಒಂದು ದಿನ ಬ್ಯಾಂಡ್ ಮಾಸ್ತರರು ಕೆಂಪು ಕೋಟುಗಳ ಗಂಟು ಹೊತ್ತು ಬಂದರು. ತಂಡಕ್ಕೆ ಹೊಸಬರು ಸೇರಿದ್ದಾರೆ, ಮೂರು ವರ್ಷದ ಹಿಂದೆ ಹಳಬರ ಕೋಟಿಗೆ ಹಾಕಿಕೊಟ್ಟ ಅದೇ ರೆಕ್ಕೆಯ ತುತ್ತೂರಿ ಇವರ ಎದೆಯ ಮೇಲೂ ಬೇಕು, ನಾಡಿದ್ದು ಸ್ಪರ್ಧೆ. ಸಾಲಾಗಿ ನಿಂತಾಗ ಒಬ್ಬನ ತುತ್ತೂರಿ ಬೇರೆಯಾಗಿ ಕಂಡರೂ ಅಂಕ ಕಳೆಯುತ್ತಾರಂತೆ. ಹೆಂಡತಿ ಅನುಮಾನಿಸಿದಳು. ವಿನ್ಯಾಸ ಇದ್ದದ್ದು ಹಳೆಯ ಕಂಪ್ಯೂಟರಿನಲ್ಲಿ, ಅದು ಈಗ ಬಳಕೆಯಲ್ಲಿಲ್ಲ. ಆಗ ಒಳಗಿನಿಂದ ಎದ್ದು ಬಂದವರು ಜೋಪಾನರಾಯರು. "ಧೈರ್ಯವಾಗಿ ಒಪ್ಕೋ. ನಿನ್ನ ಡಿಸೈನೆಲ್ಲ ನನ್ನ ಸೀಡಿಯಲ್ಲಿ ಭದ್ರವಾಗಿದೆ. ಅದು ನನ್ನ ಜವಾಬ್ದಾರಿ" ಎಂದರು. ಹೆಂಡತಿ ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ಆ ಕೋಟುಗಳು ಮೇಜಿನ ಪಕ್ಕ ರಾಶಿ ಬಿದ್ದಿವೆ. ಮೊದಲನೆಯದು ಚೌಕಟ್ಟಿಗೆ ಬಿಗಿದು ಕೂತಿದೆ, ಚಿನ್ನದ ಬಣ್ಣದ ದಾರ ಸೂಜಿಯೊಳಗೆ ಸಿದ್ಧವಾಗಿದೆ. ಸಂಜೆ ಮಾಸ್ತರರು ಬರುತ್ತಾರೆ. ಹೆಂಡತಿ ಕೈ ಚಾಚಿದಳು. ರಾಯರು "ಇದೇ ಸರಿಯಾದದ್ದು" ಎಂಬ ಸೀಡಿಯನ್ನು ಅಂಗೈಯಲ್ಲಿಟ್ಟು ತಂದರು, ಕಂಪ್ಯೂಟರಿನ ಮುಂದೆ ನಿಂತರು, ನಿಂತೇ ಇದ್ದರು. ಕೊಟ್ಟ ಮಾತಿನ ಭರದಲ್ಲಿ ಅದಕ್ಕೆ ಬಾಯಿಲ್ಲ ಎಂಬುದನ್ನು ಮರೆತಿದ್ದರು.

"ಈಗ ಎಲ್ಲಿಗೆ ಹಾಕ್ತೀರಿ ಅದನ್ನ?" ಎಂದಳು ಹೆಂಡತಿ. ದನಿ ಮೆಲ್ಲಗಿತ್ತು. ಅವಳ ದನಿ ಏರಿದರೆ ರಾಯರಿಗೆ ಅಭ್ಯಾಸವಿತ್ತು. ಇಳಿದರೆ ಚಪ್ಪಲಿ ಹುಡುಕುತ್ತಿದ್ದರು.

ಭಾವಮೈದನಿಗೆ ಫೋನು ಹೋಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬರುತ್ತೇನೆ, ಸೀಡಿ ಓದುವ ಡ್ರೈವ್ ಮಾತ್ರ ನನ್ನ ಹತ್ತಿರ ಇಲ್ಲ, ಇಟ್ಟರೆ ಗಿರಾಕಿಗಳು ನಗುತ್ತಾರೆ ಎಂದ. ರಾಯರು ಸೀಡಿಯನ್ನು ಎದೆಗೊತ್ತಿಕೊಂಡು ಬೀದಿಗಿಳಿದರು. ಜೆರಾಕ್ಸ್ ಅಂಗಡಿಯವನು ಅದನ್ನು ತಿರುಗಿಸಿ ನೋಡಿ, ಚೆನ್ನಾಗಿಟ್ಟಿದ್ದೀರಿ ಸಾರ್ ಎಂದು ಹೊಗಳಿ ವಾಪಸು ಕೊಟ್ಟ. ಫೋಟೋ ಸ್ಟುಡಿಯೋದವನು ತನ್ನ ಡ್ರೈವನ್ನು ಗುಜರಿಗೆ ಹಾಕಿ ಎಷ್ಟೋ ಕಾಲವಾಯಿತೆಂದ. ಪಕ್ಕದ ಮನೆಯವರ ಕಾರಿನಲ್ಲಿ ಹಾಡು ಕೇಳುವ ಸೀಡಿ ಪ್ಲೇಯರ್ ಇದ್ದದ್ದು ನೆನಪಾಗಿ, ಅದಕ್ಕೂ ತೂರಿಸಿ ನೋಡಿದರು. ಕಾರು ಕೊಂಚ ಯೋಚಿಸಿ, ಕರ್ರೆಂದು ಸದ್ದು ಮಾಡಿ, ಸೀಡಿಯನ್ನು ಉಗಿಯಿತು. (ತುತ್ತೂರಿಯ ಚಿತ್ರ ಹಾಕಿದರೆ ಕಾರು ತುತ್ತೂರಿ ಊದುತ್ತದೆಯೇ? ಆದರೆ ಆ ಹೊತ್ತಿನಲ್ಲಿ ಮನುಷ್ಯ ಏನನ್ನು ಬೇಕಾದರೂ ನಂಬುತ್ತಾನೆ.)

ಕೊನೆಗೆ ಕೈ ಹಿಡಿದವರು ಎದುರು ಮನೆಯ ದಂತವೈದ್ಯರು. ರೋಗಿಗಳು ಕೆಲವರು ಇನ್ನೂ ಎಕ್ಸ್‌ರೇ ಸೀಡಿ ತರುತ್ತಾರೆಂದು ಅವರು ತಂತಿಯಲ್ಲಿ ಜೋಡಿಸುವ ಪುಟ್ಟ ಡ್ರೈವೊಂದನ್ನು ಡ್ರಾಯರಿನ ತಳದಲ್ಲಿ ಇಟ್ಟುಕೊಂಡಿದ್ದರು. ಸಂಜೆಯೊಳಗೆ ಬೇಕೇ ಬೇಕು ಎಂದು ಹೇಳಿ ಕೊಟ್ಟರು. ರಾಯರು ಕಳೆದುಹೋದ ರಾಜ್ಯವನ್ನು ಗೆದ್ದವರಂತೆ ಮನೆಗೆ ಬಂದರು. ಹೆಂಡತಿ ಆ ಹೊತ್ತಿಗೆ ಕೋಟುಗಳನ್ನೆಲ್ಲ ಮಡಚಿ, ಬಿಚ್ಚಿ, ಮತ್ತೆ ಮಡಚಿದ್ದಳು. ಭಾವಮೈದನೂ ಬಂದು ಕೂತಿದ್ದ.

ಡ್ರೈವ್ ಜೋಡಿಸಿದರು. ಅದು ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಗುಂಡಿ ಒತ್ತಿದರು, ತಟ್ಟಿದರು, ಊದಿದರು. ಭಾವಮೈದ ಹೊಲಿಗೆಯ ಡಬ್ಬಿಯಿಂದ ಗುಂಡುಸೂಜಿ ತೆಗೆದು, ಮುಂದಿನ ಸಣ್ಣ ತೂತಿಗೆ ಚುಚ್ಚಿ, ಮೆಲ್ಲಗೆ ಒತ್ತಿದ. ಬಾಯಿ ತೆರೆಯಿತು. ಒಳಗೆ ಯಾರದೋ ದವಡೆಯ ಎಕ್ಸ್‌ರೇ ಸೀಡಿ ಕೂತಿತ್ತು. ಅದನ್ನು ತೆಗೆದು ರಾಯರು ತಮ್ಮದನ್ನು ಮಲಗಿಸಿದರು. ಸೀಡಿ ಗುಂಯ್‌ಗುಟ್ಟುತ್ತ ಸುತ್ತತೊಡಗಿತು.

ಪರದೆಯ ಮೇಲೆ ಹೆಸರುಗಳು ಸಾಲಾಗಿ ಮೂಡಿದವು. ಗುಲಾಬಿ, ನವಿಲು, ಶಾಲೆಯ ಬಿಲ್ಲೆ, ಬ್ಯಾಂಡಿನ ತುತ್ತೂರಿ. "ಕಂಡ್ಯಾ?" ಎಂದರು ರಾಯರು. ಕಾಲ ಮುಗಿಯಿತು ಎಂದವರನ್ನು ಈಗ ಕರೆಯಿರಿ ಎನ್ನುವಂತೆ ಎದೆ ಮುಂದೆ ಬಂತು. ಹೆಂಡತಿಯ ಮುಖದಲ್ಲಿ ಬೆಳಗಿನಿಂದ ಇಲ್ಲದ ನಗು ಕಾಣಿಸಿತು.

ಅವಳು ತುತ್ತೂರಿಯ ಮೇಲೆ ಒತ್ತಿದಳು. ಮೂಲ ಸಿಗುತ್ತಿಲ್ಲ ಎಂದಿತು ಕಂಪ್ಯೂಟರು. ಮತ್ತೆ ಒತ್ತಿದಳು. ಮತ್ತೆ ಅದೇ ಉತ್ತರ.

ಭಾವಮೈದ ಮೂಗು ಪರದೆಗೆ ತಾಗುವಷ್ಟು ಬಗ್ಗಿದ. ಪ್ರತಿ ಹೆಸರಿನ ಚಿತ್ರದ ಮೂಲೆಯಲ್ಲೂ ಪುಟ್ಟ ಬಾಣವೊಂದಿತ್ತು. ಅವನು ನಗಲಿಲ್ಲ. ಅವನು ನಗದೇ ಇದ್ದದ್ದು ನೋಡಿಯೇ ರಾಯರ ಬೆನ್ನಿನಲ್ಲಿ ಬೆವರಿಳಿಯಿತು.

"ಭಾವ, ಇವು ಡಿಸೈನ್ ಅಲ್ಲ, ಶಾರ್ಟ್‌ಕಟ್. ಕಂಪ್ಯೂಟರ್ ತೆರೆದ ಕೂಡ್ಲೆ ಕಾಣೋ ಪುಟ್ಟ ಚಿತ್ರಗಳನ್ನೇ ಎಳೆದು ಸೀಡಿಗೆ ಹಾಕಿದ್ದೀರಿ. ಅಸಲಿ ಮಾಲು ಎಲ್ಲಿದೆ ಅಂತ ತೋರಿಸೋ ಬಾಣ ಇದು, ಅಷ್ಟೆ. ಮನೆ ಸಾಗಿಸ್ತೀನಿ ಅಂತ ಮನೆ ವಿಳಾಸ ಬರ್ಕೊಂಡು ಬಂದ ಹಾಗೆ."

ರಾಯರು ಒಪ್ಪಲಿಲ್ಲ. ಒಪ್ಪುವುದು ಹೇಗೆ? ಅವರು ಪ್ರತಿ ಸೀಡಿಯನ್ನೂ ತುಂಬಿಸಿದ ಕೂಡಲೇ ತೆರೆದು ಪರೀಕ್ಷೆ ಮಾಡಿದ್ದರು. ಒಂದೊಂದೂ ತೆರೆದಿತ್ತು, ಗುಲಾಬಿ ಗುಲಾಬಿಯಾಗಿಯೇ ಕಂಡಿತ್ತು. ಪರೀಕ್ಷೆ ಮಾಡಿದ್ದು ಯಾವ ಕಂಪ್ಯೂಟರಿನಲ್ಲಿ ಎಂದು ಭಾವಮೈದ ಕೇಳಿದ. ಅದೇ ಹಳೆಯದರಲ್ಲಿ ಎಂದರು. ಮಾಲು ಅದರೊಳಗೇ ಇದ್ದಾಗ ಬಾಣ ಅಲ್ಲಿಗೇ ತೋರಿಸಿತು, ಅದಕ್ಕೇ ತೆರೆಯಿತು ಎಂದ ಅವನು. ರಾಯರು ಓಡಿಹೋಗಿ "ಮುಖ್ಯ"ವನ್ನು ತಂದರು, "ಅತಿ ಮುಖ್ಯ"ವನ್ನು ತಂದರು, "ಅತಿ ಮುಖ್ಯ, ಹೊಸದು" ತಂದರು. ಬಾಣ, ಬಾಣ, ಬಾಣ. ಇಷ್ಟು ಭಾನುವಾರಗಳ ಕಾಲ ಬನಿಯನ್ ತುಂಡಿನಿಂದ ಅವರು ಒರೆಸಿದ್ದು ವಿಳಾಸಗಳನ್ನು.

ಹೆಂಡತಿ ಸೂಜಿಯಿಂದ ಚಿನ್ನದ ದಾರವನ್ನು ಬಿಡಿಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ರಾಯರಿಗೆ. ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ, ಬೀರುವಿನಲ್ಲಿ ಜಾಗ ಕೂಡ ಕೇಳಿರಲಿಲ್ಲ. ಅವಳಿಗೆಂದು ಇದ್ದದ್ದು ಆ ಒಂದು ಹೆಸರು. ಅದನ್ನು ರಾಯರು ತಾವೇ ಕೈಯಾರೆ ಕಳೆದಿದ್ದರು.

"ಮಾಸ್ತರರು ಬಂದ್ರೆ ನೀವೇ ಹೇಳಿ. ನನ್ ಕೈಲಿ ಆಗಲ್ಲ" ಎಂದಳು.

"ಆ ಹಳೇ ಡಬ್ಬ ಎಲ್ಲಿ ಭಾವ?" ಎಂದ ಭಾವಮೈದ. "ಅದು ಸಿಕ್ಕಿದ್ರೆ ಅಸಲಿ ಮಾಲೇ ಅದರೊಳಗಿರುತ್ತೆ."

ಹೊಸದು ಬಂದ ವಾರವೇ ಅದನ್ನು ಗುಜರಿಗೆ ಕೊಡು ಎಂದು ಹೇಳಿದವರು ರಾಯರೇ. ಹೇಳಿದ್ದಷ್ಟೇ ಅಲ್ಲ, ಎಲ್ಲ ಸೀಡಿಯಲ್ಲಿ ಇರುವಾಗ ಈ ತಗಡಿನ ಡಬ್ಬ ಯಾಕೆ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದ್ದರು. ಗುಜರಿಯವನು ಈಗ ಅದನ್ನು ಯಾವ ಊರಿನಲ್ಲಿ ಕರಗಿಸಿದ್ದಾನೋ. ಅವರು ಹೆಂಡತಿಯ ಮುಖ ನೋಡಿದರು. ಭಾವಮೈದನೂ ನೋಡಿದ.

ಹೆಂಡತಿಯ ಕೈ ದಾರದ ಮೇಲೆ ನಿಂತಿತು. ಅವಳು ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿ, ಅಲ್ಲಿ ಇಳಿಬಿದ್ದಿದ್ದ ಬಟ್ಟೆಯನ್ನು ಸರಿಸಿದಳು. ಮೇಜಿನ ಕುಂಟು ಕಾಲಿನ ಅಡಿಯಲ್ಲಿ, ಧೂಳು ಮೆತ್ತಿಕೊಂಡು, ಹಳೆಯ ಕಂಪ್ಯೂಟರಿನ ಡಬ್ಬ ಅಡ್ಡ ಮಲಗಿತ್ತು.

"ಕೊಡು ಅಂದ್ರಿ. ಕೊಡ್ಲಿಲ್ಲ" ಎಂದಳು ಕೆಳಗಿನಿಂದಲೇ. "ಮೆಷಿನ್ ಓಡೋವಾಗ ಮೇಜು ಕುಣೀತಿತ್ತು. ನಿಮಗೆ ಹೇಳಿ ಹೇಳಿ ಸಾಕಾಗಿತ್ತು. ಕಾಲಿಗೆ ಕೊಟ್ಟ ಮೇಲೆ ಅದು ಕಂಪ್ಯೂಟರು ಅನ್ನೋದೇ ಮರೆತುಹೋಗಿತ್ತು."

ಮೇಜಿನ ಕಾಲು ಸರಿ ಮಾಡಿಸಿಕೊಡಿ ಎಂದು ಅವಳು ಎಷ್ಟು ಸಲ ಹೇಳಿದ್ದಳೋ, ರಾಯರು ಅಷ್ಟು ಸಲ ಈ ಭಾನುವಾರ ಸೀಡಿ ಒರೆಸಿ ಆದ ಮೇಲೆ ಎಂದಿದ್ದರು. ಇಬ್ಬರು ಗಂಡಸರು ಮೇಜನ್ನು ಎತ್ತಿ ಹಿಡಿದರು, ಅವಳು ಡಬ್ಬವನ್ನು ಎಳೆದಳು. ಭಾವಮೈದ ತಂತಿ ಸಿಕ್ಕಿಸಿ ಗುಂಡಿ ಒತ್ತಿದ. ಡಬ್ಬ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಒಳಗಿನ ಫ್ಯಾನು ಧೂಳು ಕಾರಿತು. ಆಗ ಡಬ್ಬದ ಮುಂಭಾಗದಿಂದ ಅಗಲವಾದ ಬಾಯಿಯೊಂದು ತಾನಾಗಿ ಹೊರಗೆ ಬಂದು, ಸೀಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗೆ ಹೋಯಿತು. ಬೆಳಗಿನಿಂದ ಊರೆಲ್ಲ ಹುಡುಕಿದ ಬಾಯಿ ಮನೆಯ ಮೇಜಿನ ಕೆಳಗೇ ಇತ್ತು. ಅದನ್ನು ನೋಡಿಯೂ ಭಾವಮೈದ ಏನೂ ಅನ್ನಲಿಲ್ಲ. ಇಂಥ ದೊಡ್ಡ ದಯೆಯನ್ನು ಅವನು ಹಿಂದೆಂದೂ ತೋರಿಸಿರಲಿಲ್ಲ.

ತುತ್ತೂರಿ ಸಿಕ್ಕಿತು. ರೆಕ್ಕೆ ಸಮೇತ ಸಿಕ್ಕಿತು. ಭಾವಮೈದನ ಉಗುರಿನಷ್ಟಗಲದ ಪೆನ್‌ಡ್ರೈವ್ ಏರಿ ಮೆಷಿನ್ನಿಗೂ ಬಂತು. ಹೆಂಡತಿ ಮತ್ತೆ ದಾರ ಪೋಣಿಸಿ ಗುಂಡಿ ಒತ್ತಿದಳು. ಸೂಜಿ ಓಡಿತು, ಓಡಿದ್ದೇ ತಡ ಮೇಜು ಕುಣಿಯತೊಡಗಿತು. ಅವಳು ಗಕ್ಕನೆ ನಿಲ್ಲಿಸಿದಳು. ಹೀಗೆ ಅಲುಗಿದರೆ ತುತ್ತೂರಿ ಸೌತೆಕಾಯಿಯಾಗುತ್ತದೆ. ಡಬ್ಬವನ್ನು ಮತ್ತೆ ಕಾಲಿನ ಕೆಳಗೆ ತಳ್ಳುವಂತಿಲ್ಲ. ಉಳಿದ ವಿನ್ಯಾಸಗಳನ್ನೆಲ್ಲ ಭಾವಮೈದ ಇನ್ನೂ ಹೊರಗೆ ತೆಗೆಯುತ್ತಿದ್ದ. ಪುಸ್ತಕ ಇಟ್ಟರು, ಜಾರಿತು. ಮರದ ತುಂಡು ಇಟ್ಟರು, ಎತ್ತರ ಹೆಚ್ಚಾಯಿತು. ಹೊರಗೆ ಬಿಸಿಲು ಇಳಿಯುತ್ತಿತ್ತು.

ಹೆಂಡತಿ ತಲೆ ಎತ್ತಿ ಬೀರುವಿನ ಕಡೆ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

ರಾಯರು ಎದ್ದರು. ಬೀರು ತೆರೆದು, ಎರಡೂ ಕೈಯಲ್ಲಿ ತುಂಬಿಕೊಂಡು ಬಂದರು. ಡಬ್ಬಿಗಳಿಂದ ಬಿಡಿಸಿ ಒಂದರ ಮೇಲೊಂದು ಪೇರಿಸಿದರು. ಮುಖ್ಯದ ಮೇಲೆ ಅತಿ ಮುಖ್ಯ, ಅದರ ಮೇಲೆ ಹೊಸದು. ಮೇಜು ಇನ್ನೂ ಕೂದಲೆಳೆಯಷ್ಟು ಅಲುಗಿತು. ಪಕ್ಕದಲ್ಲಿ ಕೈಗೆ ಸಿಕ್ಕ ಇನ್ನೊಂದನ್ನು ಸೇರಿಸಿದರು. ಅದು ನಿಂತಿತು, ಬಂಡೆಯ ಹಾಗೆ ನಿಂತಿತು. ಸೀಡಿಯಷ್ಟು ತೆಳ್ಳಗೆ, ಸಮವಾಗಿ, ಬೇಕಾದಷ್ಟೇ ಏರಿಸಬಹುದಾದ ವಸ್ತು ಇನ್ನೊಂದಿಲ್ಲ ಎಂಬುದನ್ನು ಭಾವಮೈದನೂ ಒಪ್ಪಬೇಕಾಯಿತು.

ಕೊನೆಯ ಕೋಟು ಚೌಕಟ್ಟಿನಲ್ಲಿ ಇರುವಾಗಲೇ ಬ್ಯಾಂಡ್ ಮಾಸ್ತರರು ಬಂದರು. ತುತ್ತೂರಿಯನ್ನು ಬೆರಳಿನಿಂದ ಸವರಿ, ತಾವು ತೊಟ್ಟಿದ್ದ ಹಳೆಯ ಕೋಟಿನ ಪಕ್ಕ ಹಿಡಿದು, ತಲೆದೂಗಿದರು. ಕೂತು ಕಾಯುವಾಗ ಅವರ ಕಣ್ಣು ಮೇಜಿನ ಕೆಳಗೆ ಮಿಂಚುತ್ತಿದ್ದ ಕಂಬದ ಮೇಲೆ ಬಿತ್ತು.

"ಇದೇನಮ್ಮಾ, ಸೀಡಿ? ಇವನ್ನ ಯಾರಾದ್ರೂ ಇನ್ನೂ ಉಪಯೋಗಿಸ್ತಾರಾ?"

"ಉಪಯೋಗಿಸದೆ? ನನ್ನ ಕೆಲಸಕ್ಕೆಲ್ಲ ಇವೇ ಆಧಾರ. ನಮ್ಮ ಮನೆಯವರು ಯಾವತ್ತೋ ಹೇಳಿದ್ರು, ನಾನೇ ನಂಬಿರಲಿಲ್ಲ" ಎಂದಳು ಹೆಂಡತಿ, ಸೂಜಿಯಿಂದ ಕಣ್ಣು ತೆಗೆಯದೆ.

ಭಾವಮೈದ ಇಷ್ಟು ಹೊತ್ತು ತಡೆದಿಟ್ಟ ನಗುವನ್ನು ಹೊರಲಾರದೆ ಅಂಗಳಕ್ಕೆ ಓಡಿದ. ಇಂಗು ತಿಂದ ಮಂಗನಂತೆ ನಿಂತಿದ್ದ ರಾಯರು ದಂತವೈದ್ಯರ ಡ್ರೈವನ್ನು ಕೈಗೆತ್ತಿಕೊಂಡು ಹೊರಟರು. ದವಡೆಯ ಸೀಡಿಯನ್ನು ಒಳಗಿಡಲು ಹುಡುಕಿದರೆ, ಅದು ಮೇಜಿನ ಮೇಲಿಲ್ಲ, ಕುರ್ಚಿಯ ಮೇಲಿಲ್ಲ. ರಾಯರು ಮೆಲ್ಲಗೆ ಮೇಜಿನ ಕೆಳಗೆ ಬಗ್ಗಿದರು. ಕೊನೆಗೆ ಸೇರಿಸಿದ್ದು ಅದನ್ನೇ. ಇಡೀ ಕಂಬದಲ್ಲಿ ಒಳಗೆ ನಿಜವಾಗಿಯೂ ಏನಾದರೂ ಇದ್ದದ್ದು ಅದೊಂದರಲ್ಲೇ.