ಬಾಟಲಿ ತೋರಿಸ್ರಿ!

ನಮ್ಮ ಕಾಕಾನಷ್ಟು ಸಂಶಯದ ಮನುಷ್ಯ ಇಡೀ ಬೀದರಿನಲ್ಲಿ ಇನ್ನೊಬ್ಬನಿರಲಿಲ್ಲ. ನೀವು ನಿಮ್ಮ ಹೆಸರು ಹೇಳಿದರೆ, ಅದು ನಿಮ್ಮದು ಹೌದೋ ಅಲ್ಲೋ ಎಂದು ನಿಮಗೇ ಅನುಮಾನ ಬರುವ ತನಕ ಕೇಳುತ್ತಿದ್ದ!

ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಉರ್ದು ಸಾಲಿಯಲ್ಲಿ ಕಲಿತ ಕಾಕಾ, ಮೈಸೂರು ಕಡೆಯ ಡಾಕ್ಟರೊಬ್ಬರ ದವಾಖಾನಿಯಲ್ಲಿ ಕೆಲಸ ಕಲಿಯಲು ಸೇರಿದ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಅವರೋ, ಅರ್ಧ ಮಾತು ಮೀಸೆಯೊಳಗೇ ಉಳಿಸಿಕೊಳ್ಳುವವರು. ಅದರಲ್ಲೂ ಹೃದಯರೋಗದ ಔಷಧಗಳ ಹೆಸರು! ಡಿಜಾಕ್ಸಿನ್ ಒಂದು, ಡಿಜಿಟಾಕ್ಸಿನ್ ಇನ್ನೊಂದು. ಯಾರಿಗೆ ತಿಳಿಯಬೇಕು? ಕಾಕಾ ಎದ್ದು, ಅಚ್ಚಾದ ಹೆಸರು ಓದಿಕೊಳ್ಳಲು ಕಂಪೌಂಡರ್ ಚಾಚಾನ ಹತ್ತಿರ ಓಡುತ್ತಿದ್ದ.

"ಚಾಚಾ, ಬಾಟಲಿ ತೋರಿಸ್ರಿ!"

"ಅರೇ ಬಾಬಾ, ಮುಂಜಾನಿಂದ ಹನ್ನೊಂದು ಸಲ ತೋರಿಸೀನಿ. ಬಾಟಲಿಗೇ ನಾಚಿಕಿ ಬಂದದ!"

ಭಾಲ್ಕಿಗೆ ಹೆಣ್ಣು ನೋಡಲು ಹೋದಾಗಲೂ ಈ ಚಾಳಿ ಬಿಡಲಿಲ್ಲ. ಹುಡುಗಿ ಹೆಸರು ಹೇಳಿದಳು. "ಇನ್ನೊಮ್ಮಿ ಹೇಳ್ರಿ, ಒಂದೊಂದೇ ಅಕ್ಷರ ಬಿಡಿಸಿ" ಅಂದ.

"ಹೆಣ್ಣು ನೋಡಾಕ ಬಂದೀರೋ, ಹಾಜರಿ ತಗೊಳ್ಳಾಕ ಬಂದೀರೋ?" ಅಂದಳು ಅವಳು. ಆಕೆಯೇ ನಮ್ಮ ಕಾಕಿ ಆದಳು ಅನ್ನಿ!

ಒಂದು ದಿನ ಡಾಕ್ಟರು ರೇಗಿದರು. "ಏನ್ರೀ, ಪ್ರತಿಯೊಂದಕ್ಕೂ ಕೇಳ್ತೀರಲ್ಲಾ? ಕಿವಿ ಇಲ್ವಾ ನಿಮಗೆ?"

ಮರುದಿನ ಕಾಕಾ ಏನೂ ಕೇಳಲಿಲ್ಲ. ಔರಾದದ ಮುದುಕಿಯೊಬ್ಬಳ ಎದೆಬಡಿತ ತಾಳ ತಪ್ಪಿತ್ತು. ಕಾಕಾ ಔಷಧದ ಚೀಟಿ ಟೈಪ್ ಮಾಡಿಕೊಟ್ಟ; ಡಾಕ್ಟರು ಅವಸರದಲ್ಲಿ ಓದದೇ ಸಹಿ ಹಾಕಿದರು. ಅವಳ ಮಗ ಗುಳಿಗೆ ಕೊಂಡು, ಅವಳನ್ನು ಕರಕೊಂಡು ಊರಿನ ಬಸ್ಸು ಹತ್ತಿದ.

ಮಧ್ಯಾಹ್ನ ಮನೆಯ ಬಾವಿಯಲ್ಲಿ ನೀರು ಸೇದುತ್ತಿದ್ದ ಕಾಕಾ ಹಗ್ಗ ಹಿಡಿದೇ ನಿಂತುಬಿಟ್ಟ. "ವೈನಿ, ನಾ ಕ್ವಿನೈನ್ ಅಂತ ಬರದೀನಿ. ಅದು ಚಳಿಜ್ವರದ ಗುಳಿಗಿ ಅಲ್ಲೇನ್ರಿ?" ಎಂದು ನಮ್ಮವ್ವನನ್ನು ಕೇಳಿದವನೇ ಡಾಕ್ಟರ ಮನೆಗೆ ಓಡಿದ. ಅವರು ಹೇಳಿದ್ದು ಎದೆಬಡಿತ ಸರಿಪಡಿಸುವ ಕ್ವಿನಿಡಿನ್! ಡಾಕ್ಟರು ಉಣ್ಣುವುದು ಬಿಟ್ಟು ದವಾಖಾನಿಗೆ ಧಾವಿಸಿದರು. ಸರಿಯಾದ ಗುಳಿಗೆ ಕೊಟ್ಟು ಮುಂದಿನ ಬಸ್ಸಿಗೆ ಅವನನ್ನೇ ಕಳಿಸಿದರು.

ಔರಾದದಲ್ಲಿ ಮನೆ ಹುಡುಕಿ ಒಳಹೊಕ್ಕಾಗ ಮುದುಕಿ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ಕಾಕಾ ಅದನ್ನು ಕಸಿದುಕೊಂಡು ಹೊಸ ಗುಳಿಗೆ ಮಗನ ಕೈಗಿಟ್ಟ.

"ಅವ್ವಾ, ನಂದೇ ತಪ್ಪು. ಕೇಳಬೇಕಿತ್ತು, ಕೇಳಲಿಲ್ಲ" ಎಂದು ಅಳತೊಡಗಿದ.

ಮುದುಕಿಗೆ ಯಾವ ಔಷಧ, ಯಾವ ತಪ್ಪು, ಒಂದೂ ತಿಳಿಯಲಿಲ್ಲ. ಅವನ ಬಾಡಿದ ಮುಖ ಮಾತ್ರ ಕಂಡಿತು. "ಬಿಸಲಾಗ ಬಂದೀದಿ, ಮೊದಲ ಎರಡು ತುತ್ತು ಉಣ್ಣು ಮಗಾ" ಎಂದು, ತಾನೇ ರೊಟ್ಟಿ ಮುರಿದು ಅವನ ಬಾಯಿಗಿಟ್ಟಳಂತೆ.