ಗುಡ್ಡದ ಮೇಲೇ ಉಳಿದ ರೈಲು

ಸಂಪಾದಕರ ಮೊಮ್ಮಗಳು ಬೆಳಗಿನ ಹಾಲು ಕುಡಿಯಲು ಒಪ್ಪದೇ ಹೋದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ರೈಲುಮಾಮ ಹಲ್ಲುಜ್ಜುತ್ತಿದ್ದಾಗಲೇ ಫೋನು ಬಂತು. ರೈಲುಮಾಮ ಎಂದರೆ ರೈಲ್ವೆ ನೌಕರನಲ್ಲ. ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ವರ್ಷಾನುಗಟ್ಟಲೆ ಗುಡ್ಡದ ರೈಲಿನ ಕತೆ ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಆ ರೈಲಿಗೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಮೂರನೆಯ ಹಳಿ, ಎಂಜಿನ್ನಿನ ಅಡಿಯಲ್ಲಿ ಒಂದು ಹಲ್ಲುಚಕ್ರ. ಚಕ್ರ ಹಳಿಯನ್ನು ಕಚ್ಚಿ ಕಚ್ಚಿ ಹಿಡಿದು, ಕೊಡೆ ತಾತನಂಥ ಪ್ರಯಾಣಿಕರನ್ನು ಹೊತ್ತ ರೈಲು ಪ್ರತಿ ತಿಂಗಳೂ ಗುಡ್ಡ ಹತ್ತುತ್ತಿತ್ತು. ಬರೆಯುವ ಮಹಾಶಯ ಮಾತ್ರ ಅಂಥ ರೈಲನ್ನು ಕಣ್ಣಾರೆ ಕಂಡವನಲ್ಲ. ಬಸ್ಸು ಹತ್ತಿದರೂ ತಲೆ ಸುತ್ತುವ ಆಸಾಮಿ.

"ರೀ, ನನ್ನ ಮೊಮ್ಮಗಳು ಒಂದು ಪ್ರಶ್ನೆ ಕೇಳ್ತಿದಾಳೆ," ಎಂದರು ಸಂಪಾದಕರು. "ನಿಮ್ಮ ರೈಲು ಪ್ರತಿ ಕತೇಲೂ ಹತ್ತುತ್ತೆ. ಇಳಿಯೋದು ಯಾವಾಗ?"

ರೈಲುಮಾಮನ ಬಾಯಿಯ ನೊರೆ ಬಾಯಲ್ಲೇ ಉಳಿಯಿತು. ಹೌದಲ್ಲ! ಇಷ್ಟು ವರ್ಷದಲ್ಲಿ ಆ ರೈಲು ಒಮ್ಮೆಯಾದರೂ ಇಳಿದದ್ದುಂಟೆ?

"ಮೇಲೆ ಹೋದೋರೆಲ್ಲ ಏನಾದ್ರು ಅಂತ ಹಾಲೂ ಕುಡೀದೆ ಕೂತಿದಾಳೆ. ಸಂಜೆಯೊಳಗೆ ಇಳಿಸ್ಕೊಂಡು ಬನ್ನಿ. ಸುಮ್ನೆ 'ಇಳೀತು' ಅಂತ ಬರೀಬೇಡಿ, ಅದು 'ಹೇಗೆ' ಅಂತ ಕೇಳೋ ಹುಡುಗಿ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ. ನನ್ನ ಭಾಮೈದ ಮಾತಾಡೋ ಕುಂಬಳಕಾಯಿ ಕತೆ ಇಟ್ಕೊಂಡು ಕಾಯ್ತಿದಾನೆ. ನಿಮ್ಮ ಪುಟ ಅವನಿಗೆ ಕೊಡ್ತೀನಿ."

ಆ ಪುಟ ಕೈತಪ್ಪಿದರೆ ರೈಲುಮಾಮನಿಗೆ ಬೇರೆ ಕಸುಬಿಲ್ಲ. ಹೆದರಿದ, ನಿಜ. ಆದರೆ ಹೆದರಿಕೆಯ ಬೆನ್ನಿಗೇ ಕುತೂಹಲವೂ ಹುಟ್ಟಿತು. ನಿಜವಾಗಿ, ಅದು ಇಳಿಯುವುದು ಹೇಗೆ?

"ಲೇ, ಹಲ್ಲುಹಳಿ ಮೇಲಿಂದ ರೈಲು ಹೇಗೆ ಇಳಿಯುತ್ತೆ?" ಎಂದು ಹೆಂಡತಿಯನ್ನು ಕೇಳಿದ.

"ಹತ್ತಿಸೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು," ಎಂದಳು ಆಕೆ.

ಮಾಡಿ ನೋಡದೆ ತಿಳಿಯುವಂಥದ್ದಲ್ಲ ಅದು. ಮಹಡಿ ಮೆಟ್ಟಿಲ ಕೆಳಗೆ ಪಕ್ಕದ ಮನೆಯ ಕ್ಯಾಷಿಯರ್ ಸೈಕಲ್ಲು ನಿಂತಿತ್ತು. ಅದರ ಚೈನು ಬಿಚ್ಚಿ ಉದ್ದನೆಯ ಹಲಗೆಗೆ ಮೊಳೆ ಹೊಡೆದ, ಅದು ಹಲ್ಲುಹಳಿಯಾಯಿತು. ಹಿಂದಿನ ಗಾಲಿಯ ಹಲ್ಲುಚಕ್ರವನ್ನು ಬಿಸ್ಕತ್ತಿನ ಡಬ್ಬಿಗೆ ಜೋಡಿಸಿದ, ಅದು ಎಂಜಿನ್ನು. ಚಪ್ಪಲಿಯ ರಟ್ಟಿನ ಪೆಟ್ಟಿಗೆಗೆ ಗಾಲಿ ಸಿಕ್ಕಿಸಿ ಎಂಜಿನ್ನಿನ ಹಿಂದೆ ದಾರದಲ್ಲಿ ಕಟ್ಟಿದ, ಅದು ಬೋಗಿ. ಹಲಗೆಯನ್ನು ಮೆಟ್ಟಿಲ ಮೇಲೆ ಒರಗಿಸಿ ಎಳೆದರೆ ರೈಲು ಕಟಕಟ ಎನ್ನುತ್ತ ಹತ್ತಿಯೇ ಬಿಟ್ಟಿತು.

"ನನ್ನ ಸೈಕಲ್ ಚೈನ್ ಎಲ್ರೀ?" ಎಂದು ಕ್ಯಾಷಿಯರ್ ಕೂಗಿಕೊಂಡು ಬಂದ. "ನಾನು ಆಫೀಸಿಗೆ ಹೋಗೋದು ಬೇಡ್ವಾ?" ವಿಷಯ ಕೇಳಿದ ಮೇಲೆ ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕೂತ. "ಅಲ್ಲ, ಇಳಿಯೋವಾಗ ಏನಾಗುತ್ತೆ? ಬಿಡಿ ನೋಡೋಣ."

ಎದುರು ಮನೆಯ ಅಜ್ಜಿ ಸುಮ್ಮನಿರುವ ಪೈಕಿಯಲ್ಲ. "ಖಾಲಿ ರೈಲು ಬಿಟ್ರೆ ಏನು ಬಂತಪ್ಪಾ? ಜನ ಕೂರ್ಬೇಕು. ಅದೂ ಒಡೆದು ಹೋಗೋಂಥ ಜನ. ಆಗ ತಾನೇ ಜಾಗ್ರತೆ ಬರೋದು?" ಎನ್ನುತ್ತ ಬೋಗಿಯ ತುಂಬ ಮೊಟ್ಟೆ ಕೂರಿಸಿದಳು.

ರೈಲುಮಾಮ ಎಂಜಿನ್ನನ್ನು ಮೆಲ್ಲನೆ ಸಡಿಲ ಬಿಟ್ಟ. ಎಂಜಿನ್ನು ಹಲ್ಲು ಕಚ್ಚಿ ಮೇಲೆ ನಿಂತಿತು, ಭಾರದ ಬೋಗಿ ಕೆಳಕ್ಕೆ ಜಗ್ಗಿತು. ದಾರ ಫಟ್ಟೆಂದಿತು. ಬೋಗಿ ಹಗ್ಗ ಬಿಚ್ಚಿದ ಕರುವಿನಂತೆ ಓಡಿ, ಫೋಟೋ ತೆಗೆಸಲು ಇಸ್ತ್ರಿ ಬಟ್ಟೆ ತೊಟ್ಟು ಹೊರಟು, ಮೆಟ್ಟಿಲ ಬುಡದಲ್ಲಿ ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದ ಮನೆ ಮಾಲೀಕರ ಎದೆಗೆ ಬಡಿಯಿತು.

"ಯಾವನೋ ಅವನು!" ಎಂದು ಗದರಿದ ಮಾಲೀಕರು ಹಲಗೆ ನೋಡಿ ತಡೆದರು. ರೈಲುಮಾಮ ಕಾರಣ ಹೇಳಿದ.

"ಇಷ್ಟು ವರ್ಷ ಅದು ಇಳಿದೇ ಇಲ್ವಾ? ನನ್ನ ಮಗನಿಗೆ ನಾನೇ ಓದಿ ಹೇಳ್ತಿದ್ನಲ್ರೀ, ನನಗೂ ಹೊಳೀಲಿಲ್ವಲ್ಲ!" ಮಾಲೀಕರು ಅಂಗಿಯ ಮೇಲಿನ ಹಳದಿಯೊಂದಿಗೇ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟರು.

ಆಮೇಲೆ ಸಲಹೆಗಳ ಸುರಿಮಳೆ. ಮೇಲೆ ರೈಲನ್ನು ತಿರುಗಿಸಬೇಕು ಎಂದ ಕ್ಯಾಷಿಯರ್. ಜನ ನಡೆದೇ ಇಳಿಯಲಿ, ಕಾಲಿಗೆ ಒಳ್ಳೆಯದು ಎಂದಳು ಅಜ್ಜಿ. ಮಧ್ಯಾಹ್ನ ಕಳೆದರೂ ರೈಲು ಇಳಿಯಲಿಲ್ಲ.

ಅಷ್ಟರಲ್ಲಿ ಹೆಂಡತಿ, ಮೆಟ್ಟಿಲು ಒರೆಸಲು ಹಳೆ ಬಟ್ಟೆಯ ಪೆಟ್ಟಿಗೆ ತರಲೆಂದು ಅಟ್ಟ ಹತ್ತಿದ್ದವಳು ಏಣಿಯಲ್ಲಿ ಇಳಿಯತೊಡಗಿದಳು. ಮುಖ ಏಣಿಯ ಕಡೆಗೆ. ಪೆಟ್ಟಿಗೆ ಮೇಲೆ, ತಾನು ಕೆಳಗೆ. ಅದನ್ನು ಎದೆಗೊಟ್ಟು ತಡೆದು ಹಿಡಿದು, ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ತಡವುತ್ತ, ಹಿಮ್ಮುಖವಾಗಿ.

"ಅದೇ!" ಎಂದು ರೈಲುಮಾಮ ಚೀರಿದ. "ಎಂಜಿನ್ನು ಕೆಳಗಿರ್ಬೇಕು! ಹತ್ತೋವಾಗ ಹಿಂದಿನಿಂದ ತಳ್ಳಬೇಕು, ಇಳಿಯೋವಾಗ ತಡೆದು ಹಿಡೀಬೇಕು!"

"ಯಾರನ್ನ ಎಂಜಿನ್ನು ಅಂದ್ರಿ?" ಎಂದಳು ಹೆಂಡತಿ.

ಉತ್ತರ ಕೊಡಲು ಯಾರಿಗೆ ಪುರುಸೊತ್ತು? ಎಂಜಿನ್ನನ್ನು ಕೆಳಕ್ಕೆ ತಂದು, ಬದುಕಿ ಉಳಿದಿದ್ದ ಒಂದೇ ಮೊಟ್ಟೆಯನ್ನು ಬೋಗಿಯಲ್ಲಿ ಕೂರಿಸಿದರು. ರೈಲು ಕಟಕಟ ಎನ್ನುತ್ತ ಹಿಂದಡಿಯಿಟ್ಟು ಇಳಿಯಿತು. ಮೊಟ್ಟೆ ಕ್ಷೇಮ. ಮಾಲೀಕರು ಎದ್ದು ಚಪ್ಪಾಳೆ ತಟ್ಟಿದರು. ರೈಲುಮಾಮನ ಕಣ್ಣು ತುಂಬಿ ಬಂತು.

ಒಂದೇ ಉಸಿರಿಗೆ ಕತೆ ಬರೆದು ಸಂಪಾದಕರ ಮನೆಗೆ ಓಡಿದ. ಹಾಲಿನ ಲೋಟ ಮುಂದಿಟ್ಟುಕೊಂಡ ಹುಡುಗಿ ರೆಪ್ಪೆ ಬಡಿಯದೆ ಕತೆ ಕೇಳಿದಳು.

"ಎಲ್ಲಾರೂ ಇಳಿದ್ರಾ?"

"ಎಲ್ಲಾರೂ ಇಳಿದ್ರು ಪುಟ್ಟಿ."

"ಕೊಡೆ ತಾತ?"

"ಮೊದಲು ಇಳಿದಿದ್ದೇ ಅವರು."

"ಎಲ್ಲಾ ಮನೆಗೆ ಹೋದ್ರಾ?"

"ಹೋಗಿ ಮಲ್ಕೊಂಡ್ರು."

ಹುಡುಗಿ ಹಾಲನ್ನು ಗಟಗಟ ಕುಡಿದು ಬಾಯಿ ಒರೆಸಿಕೊಂಡಳು. "ಹಾಗಾದ್ರೆ ಕತೆ ಮುಗೀತು," ಎಂದು ಆಡಲು ಓಡಿದಳು.

ಸಂಪಾದಕರು ರೈಲುಮಾಮನ ಕೈ ಹಿಡಿದು ಕುಲುಕಿದರು. "ಭೇಷ್! ಜನ ಇಷ್ಟು ವರ್ಷ ಪತ್ರಿಕೆ ಯಾಕೆ ಕೊಳ್ತಿದ್ರು ಅಂತ ಈಗ ಗೊತ್ತಾಯ್ತು ನೋಡಿ. ಮೇಲೆ ಹೋದೋರು ಇಳಿದಿರ್ಲಿಲ್ಲ. ಈಗ ಎಲ್ಲಾ ಮನೆ ಸೇರ್ಕೊಂಡ್ರು. ಇನ್ನು ಕೇಳೋದಕ್ಕೇನಿದೆ? ಮುಂದಿನ ತಿಂಗಳಿಂದ ಕುಂಬಳಕಾಯಿ."

"ಸಾರ್, ಮತ್ತೆ ಹತ್ತಿಸ್ತೀನಿ!"

"ಹತ್ತಿಸಿದ್ರೆ ಇಳಿಯುತ್ತೆ ಅಂತ ಈಗ ಎಲ್ಲರಿಗೂ ಗೊತ್ತಲ್ರೀ," ಎಂದರು ಸಂಪಾದಕರು ಪಾಪ ಎನ್ನುವ ದನಿಯಲ್ಲಿ.

ರೈಲುಮಾಮ ಕಾಲೆಳೆದುಕೊಂಡು ಮನೆಗೆ ಬಂದಾಗ ಹೋದಾಗಿನ ಹಾಗೆಯೇ ಎಲ್ಲರೂ ಮೆಟ್ಟಿಲ ಮೇಲೆ ಕೂತಿದ್ದರು. ಹೆಂಡತಿಯೂ ಇದ್ದಳು.

"ಏನಾಯ್ತು? ಮುಂದಿನ ತಿಂಗಳು ಏನಂತೆ?" ಎಂದು ಕ್ಯಾಷಿಯರ್ ಎದ್ದು ನಿಂತ.

"ಕುಂಬಳಕಾಯಿ," ಎಂದಷ್ಟೇ ಹೇಳಿದ ರೈಲುಮಾಮ.

"ಅಷ್ಟೇ ತಾನೇ? ನಮ್ಮನೇಲಿ ದೊಡ್ಡದೇ ಇದೆ, ಬೋಗೀಲಿ ಕೂರಿಸೋಣ, ತರ್ತೀನಿ ಇರಿ," ಎಂದು ಅಜ್ಜಿ ಲಗುಬಗೆಯಿಂದ ಒಳಗೆ ಹೋದಳು.

ಮಾಲೀಕರು ಮಾತ್ರ ಕೆಳಗಿನ ಮೆಟ್ಟಿಲಿನಿಂದ ಎದ್ದು, ಎಲ್ಲರಿಗಿಂತ ಮೇಲೆ ಹೋಗಿ ಕೂತರು.