ಅರಗಿನ ಮುದ್ರೆಯ ನೀರು

ಹೊಳೆಯಲ್ಲಿ ಹರಿಯುವ ನೀರನ್ನು ಯಾರೂ ತಿರುಗಿ ನೋಡುವುದಿಲ್ಲ. ಅದನ್ನೇ ಬಾಟ್ಲಿಗೆ ತುಂಬಿ, ಬಿರಡೆಯ ಮೇಲೆ ಅರಗು ಒತ್ತಿ ಊರಿಗೆ ತಂದಿಡಿ. ಏನಾದರೊಂದು ಆಗಿಯೇ ಆಗುತ್ತದೆ. ನನ್ನ ನೌಕರಿಯುದ್ದಕ್ಕೂ ಆಯಿತು.

ಮಹಾರಾಜರ ಸರ್ಕಾರದಲ್ಲಿ ನನಗೆ ನಂಜನಗೂಡಿನಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ. ನರಸೀಪುರದಲ್ಲಿ ಅದೇ ಕೆಲಸಕ್ಕೆ ಇನ್ನೊಬ್ಬ. ಮೂಗೂರಿನವನು, ನನ್ನ ಜೊತೆಗೇ ಕೆಲಸ ಕಲಿತವನು. ಅವನ ಪ್ರಯೋಗಶಾಲೆ ಎಂದರೆ ಅವನ ಮನೆಯ ಮುಂದಿನ ಕೋಣೆ. ಹಿಂದಿನ ಕೋಣೆಯಲ್ಲಿ ಅವನ ತಾಯಿ.

ನಮ್ಮ ಕೆಲಸ ಸರಿಯೋ ತಪ್ಪೋ ನೋಡಲು ಮೈಸೂರಿನ ಸಾಹೇಬರು ಆಗಾಗ ಒಂದೇ ನೀರನ್ನು ಎರಡು ಬಾಟ್ಲಿಗೆ ತುಂಬಿ ಇಬ್ಬರಿಗೂ ಕಳಿಸುತ್ತಿದ್ದರು. ಅದರಲ್ಲಿ ಏನು ಎಷ್ಟು ಬೆರೆಸಿದೆ ಎಂಬುದು ಅವರಿಗೆ ಮಾತ್ರ ಗೊತ್ತು. ನಾವು ಕಂಡುಹಿಡಿದು ತಿಳಿಸಬೇಕು. ಆ ವರ್ಷ ಒಂದು ಮಾತು ಸೇರಿಸಿದರು. ಹೆಚ್ಚು ತಪ್ಪುವವನ ಪ್ರಯೋಗಶಾಲೆ ಮುಚ್ಚಿ, ಅವನನ್ನು ಇನ್ನೊಬ್ಬನ ಕೈಕೆಳಗೆ ಹಾಕುತ್ತಾರೆ.

"ನಿನ್ನ ಕೈಕೆಳಗೆ ಕೂರೋದಕ್ಕಿಂತ ಮೂಗೂರಿಗೆ ಓಗಿ ಎಮ್ಮೆ ಕಾಯ್ತೀನಿ ಕಣಯ್ಯ," ಅಂದ ಅವನು.

"ಎಮ್ಮೆ ಒಪ್ಪಬೇಕಲ್ಲ," ಅಂದೆ.

ಗಾಡಿಯವನ ಮರ್ಯಾದೆ

ಬಾಟ್ಲಿಗಳು ನಂಜನಗೂಡಿನವರೆಗೆ ರೈಲಿನಲ್ಲಿ ಬರುತ್ತಿದ್ದವು. ಅಲ್ಲಿಂದ ನರಸೀಪುರಕ್ಕೆ ಎತ್ತಿನ ಗಾಡಿ. ಮೊದಲ ಸಲ ಗಾಡಿಯವನು ಬಾಟ್ಲಿಯನ್ನು ಮೇಲೆ ಕೆಳಗೆ ನೋಡಿದ.

"ಏನ್ ಸಾ ಇದು?"

"ನೀರು."

"ಎಲ್ಡು ಒಳೆ ಸೇರೋ ಊರಿಗೆ ಒಂದು ಬಾಟ್ಲಿ ನೀರಾ? ಜನ ನೋಡಿದ್ರೆ ನನ್ನ ಏನಂದಾರು?"

ಸರ್ಕಾರಿ ಕೆಲಸ ಎಂದು ಗದರಿದೆ. ಬಾಟ್ಲಿಯನ್ನು ಹುಲ್ಲಿನೊಳಗೆ ಹೂತಿಟ್ಟುಕೊಂಡು, ಕದ್ದ ಮಾಲು ಸಾಗಿಸುವವನ ಹಾಗೆ ಹೊರಟ.

ತೀರ್ಥ

ಗಾಡಿ ನರಸೀಪುರ ತಲುಪಿದಾಗ ನನ್ನ ಗೆಳೆಯ ಮನೆಯಲ್ಲಿರಲಿಲ್ಲ. ಹೆಮ್ಮಿಗೆಯಲ್ಲಿ ಒಂದು ಬಾವಿ ನೋಡಲು ಹೋಗಿದ್ದ. ಅವನ ತಾಯಿ ಬಾಗಿಲಿಗೆ ಬಂದು, ಏನಪ್ಪ ಅದು ಎಂದು ಕೇಳಿದರು. ಬರೀ ನೀರು ಎನ್ನಲು ಗಾಡಿಯವನಿಗೆ ನಾಚಿಕೆ.

"ಕಾಶಿದು ಕಣವ್ವ," ಅಂದುಬಿಟ್ಟ.

ಕಾಶಿಗೆ ಹೋದವರು ಗಂಗೆಯನ್ನು ಹೀಗೇ ಮುಚ್ಚಿ, ಮುದ್ರೆ ಒತ್ತಿ ತರುವುದು. ಆಕೆಗೆ ಸಂಶಯ ಬರಲಿಲ್ಲ. ಅರಗು ಕೆರೆದು, ಅರಿಶಿನ ಕುಂಕುಮ ಇಟ್ಟು, ಬೀದಿಯವರಿಗೆಲ್ಲ ಒಂದೊಂದು ಉದ್ಧರಣೆ ಕೊಟ್ಟರು. ಗಂಗೆಯನ್ನು ಬರಿದು ಮಾಡಬಾರದು. ಅದಕ್ಕೇ ಸಂಗಮದ ನೀರು ತರಿಸಿ ಬಾಟ್ಲಿ ತುಂಬಿಸಿಟ್ಟರು. ಗಂಗೆಗೆ ಏನು ಸೇರಿದರೂ ಗಂಗೆಯೇ.

ಮಗ ಬಂದು ಅರಗು ಕಾಣದೆ ಗಾಬರಿಯಾದ.

"ಮುಟ್ಟಿದ್ಯಾ ಅವ್ವ?"

"ಎಷ್ಟು ಬಂದಿತ್ತೋ ಅಷ್ಟೇ ಐತೆ ನೋಡಪ್ಪ. ಒಂದು ತೊಟ್ಟು ಕಮ್ಮಿ ಇಲ್ಲ."

ನೋಡಿದ. ಕಮ್ಮಿ ಇರಲಿಲ್ಲ. ಪರೀಕ್ಷೆ ಮಾಡಿ ಕಳಿಸಿದ. ಉಪ್ಪಿನ ಅಂಶ ಅರ್ಧಕ್ಕರ್ಧ ಕಡಿಮೆ ಎಂದು ಮೈಸೂರಿನಿಂದ ಛೀಮಾರಿ ಬಂತು. ಅದೇ ದಿನ ಪಕ್ಕದ ಮನೆಯ ಅಜ್ಜಿ ಬಂದು, ಮಂಡಿನೋವು ಹೋಯಿತು, ಇನ್ನೊಂದು ಬಾಟ್ಲಿ ಯಾವಾಗ ಬತ್ತದೆ ಎಂದು ಕೇಳಿದಳು.

ಏನೂ ಇಲ್ಲ

ಎರಡನೆಯ ಬಾಟ್ಲಿಯಲ್ಲಿ ನನಗೆ ಏನೂ ಸಿಗಲಿಲ್ಲ. ಉಪ್ಪಿಲ್ಲ, ಸುಣ್ಣವಿಲ್ಲ. ನನ್ನ ಜವಾನನನ್ನು ಕೇಳಿದೆ, "ಏನೂ ಇಲ್ಲ ಅಂತ ಬರೆಯಲೇನೋ?"

"ಏನೂ ಇಲ್ಲದ್ದನ್ನ ಸರ್ಕಾರ ಅರಗು ಆಕಿ ರೈಲಲ್ಲಿ ಕಳಿಸ್ತದಾ ಸಾ?"

ಮಾತು ಸರಿ ಅನಿಸಿತು. 'ಅಲ್ಪ' ಎಂದು ಬರೆದೆ. ನರಸೀಪುರದವನು 'ಸ್ವಲ್ಪ' ಎಂದು ಬರೆದಿದ್ದ. ಅದು ಬಟ್ಟಿ ಇಳಿಸಿದ ನೀರು. ನಮ್ಮನ್ನು ಹಿಡಿಯಲೆಂದೇ ಕಳಿಸಿದ್ದರು. ಇಬ್ಬರೂ ಸಿಕ್ಕಿಬಿದ್ದೆವು.

ಈಗ ನನ್ನದು ಒಂದು ತಪ್ಪು, ಅವನದು ಎರಡು. ಮೂರನೆಯ ಬಾಟ್ಲಿಯನ್ನು ಸಾಹೇಬರು ತಾವೇ ತರುವುದಾಗಿ ತಿಳಿಸಿದರು. ಪರೀಕ್ಷೆ ನರಸೀಪುರದಲ್ಲಿ, ಅವರ ಎದುರಿಗೆ, ಇಬ್ಬರಿಗೂ ಒಂದೇ ಮೇಜಿನ ಮೇಲೆ.

ನೊರೆ

ಪರೀಕ್ಷೆ ಸುಲಭದ್ದು. ನೀರಿಗೆ ಸೋಪುನೀರು ಹನಿ ಹನಿಯಾಗಿ ಬಿಟ್ಟು ಕುಲುಕಬೇಕು. ನೊರೆ ಐದು ನಿಮಿಷ ನಿಂತರೆ ಮುಗಿಯಿತು. ನೀರು ಗಡಸಾದಷ್ಟೂ ಸೋಪು ಹೆಚ್ಚು ಬೇಕು.

ಸಾಹೇಬರು ಜಮಖಾನದ ಮೇಲೆ ಕೂತರು. ಕಿಟಕಿಯಲ್ಲಿ ಅರ್ಧ ಊರು. ಗೆಳೆಯ ಹೊಸದಾಗಿ ಒಗೆದ ರುಮಾಲು ಸುತ್ತಿದ್ದ. ಮುಖ ರುಮಾಲಿಗಿಂತ ಬೆಳ್ಳಗಿತ್ತು.

ನಾನು ನಂಜನಗೂಡಿನಿಂದ ತಂದಿದ್ದ ನನ್ನ ಸೋಪುನೀರು ಬಿಟ್ಟೆ, ಕುಲುಕಿದೆ. ನೊರೆ ಇಲ್ಲ. ಮತ್ತೆ ಬಿಟ್ಟೆ. ಇಲ್ಲ. ನೀರು ಬಹಳ ಗಡಸು. ಅವನು ನಾಲ್ಕು ಹನಿ ಬಿಟ್ಟು ಕುಲುಕಿದ. ನೊರೆ ಬಾಟ್ಲಿಯ ಕತ್ತಿನವರೆಗೆ ಎದ್ದಿತು. ಐದು ನಿಮಿಷವಾಯಿತು. ಸಾಹೇಬರ ಕಾಫಿ ಮುಗಿಯಿತು. ನೊರೆ ಕೂರಲಿಲ್ಲ.

"ಏನ್ರೀ ಇದು? ಅವರ ಕೈಯಲ್ಲಿ ಕಲ್ಲು, ನಿಮ್ಮ ಕೈಯಲ್ಲಿ ಬೆಣ್ಣೆ!" ಸಾಹೇಬರು ಅವನ ಸೋಪುನೀರು ಮೂಸಿದರು. "ಇದು ಯಾವಾಗ ಮಾಡಿದ್ದು?"

"ಹೋದ ವಾರ, ಸಾ. ಬಾಟ್ಲಿ ತುಂಬ ಮಾಡಿದ್ದೆ."

"ಈಗಲೂ ತುಂಬಿದೆಯಲ್ಲ!"

ಅವನು ನಿಧಾನವಾಗಿ ಹಿಂದಿನ ಕೋಣೆಯ ಕಡೆ ತಿರುಗಿದ. ಬಾಗಿಲಲ್ಲಿ ತಾಯಿ.

"ನಾನಿರೋಗಂಟ ಈ ಮನೇಲಿ ಯಾವ ಬಾಟ್ಲಿನೂ ಬರಿದಾಗಾಕಿಲ್ಲ ಸೋಮಿ. ನೀವು ಬತ್ತೀರಿ ಅಂತ ಇವನ ರುಮಾಲು, ನೀವು ಕುಂತಿರೋ ಜಮಖಾನ, ಎಲ್ಲ ಅದರಾಗೇ ಒಗೆದೆ. ಆಮೇಲೆ ಅಂಟುವಾಳಕಾಯಿ ಕಿವುಚಿ ತುಂಬಿಟ್ಟೆ. ನಿಮ್ಮ ಸೋಪಿಗಿಂತ ಚೆಂದ ನೊರೆ ಬತ್ತದೆ, ನೋಡಿ!"

ಬರುತ್ತದೆ. ಅಂಟುವಾಳಕ್ಕೆ ಗಡಸು, ಮೆದು ಎಂಬ ಭೇದವಿಲ್ಲ. ಸಾಹೇಬರು ಜಮಖಾನವನ್ನೊಮ್ಮೆ ನೋಡಿದರು. ಚೊಕ್ಕಟವಾಗಿತ್ತು.

ನನ್ನ ಸೋಪುನೀರನ್ನು ಅವನಿಗೆ ಕೊಡಿಸಿ ಮತ್ತೆ ಮಾಡಿಸಿದರು. ಒಂದೊಂದು ಹನಿಯನ್ನೂ ಎಣಿಸಿ ಬಿಟ್ಟ. ಲೆಕ್ಕ ನನ್ನದಕ್ಕೂ ಸರಿ, ಸಾಹೇಬರದಕ್ಕೂ ಸರಿ.

"ಮೊದಲ ಬಾಟ್ಲಿಯ ತಪ್ಪೂ ಯಾರದು ಅಂತ ಗೊತ್ತಾಯಿತು. ಮನುಷ್ಯ ಸರಿಯಾಗಿದ್ದಾನೆ," ಅಂದರು ಸಾಹೇಬರು. "ಪ್ರಯೋಗಶಾಲೆ ಇರಲಿ. ಆದರೆ ಒಂದು ಬೀಗ ಕಳಿಸುತ್ತೇನೆ. ಇವರನ್ನು ಬಿಟ್ಟು ಇನ್ನೊಬ್ಬರು ಒಳಗೆ ಕಾಲಿಡಕೂಡದು."

ಅವನು ನನ್ನ ಕಡೆ ನೋಡಿ ಮೀಸೆ ತಿರುವಿದ. ಎಮ್ಮೆಗಳು ಬದುಕಿಕೊಂಡವು.

ಮುಂದಿನ ಸಲ ನಾನು ಹೋದಾಗ ಬಾಗಿಲಿಗೆ ದೊಡ್ಡ ಹಿತ್ತಾಳೆ ಬೀಗ. ಅವನು ಜಗಲಿಯ ಮೇಲೆ ಕೂತಿದ್ದ.

"ತೆಗೆಯಯ್ಯ," ಅಂದೆ.

"ಅವ್ವ ನೀರು ತರಾಕೆ ಒಳೇಗೆ ಓಗವ್ಳೆ. ಬರ್ಲಿ."

"ಅವರು ಯಾಕೆ?"

"ಕಳೀತೀಯ ಕೊಡು ಅಂದ್ಲು ಕಣಯ್ಯ. ಬೀಗದ ಕೈ ಅವಳ ಸೊಂಟದಲ್ಲೈತೆ."